ರೇಸಿಂಗ್ ಪ್ಯಾಡ್ ಊರಿಗೆ ಬೇಕಾ? ಸುರಪುರದ ಕೇಳುಗರಿಗೊಂದು ಉತ್ತರ

ಈ ವಾರದ ಮಾತು ಬ್ರೇಕ್ ಪ್ಯಾಡ್ ಬಗ್ಗೆ.

ಸುರಪುರದ ಕೇಳುಗರೊಬ್ಬರು ವಾಯ್ಸ್ ಮೆಸೇಜ್ ಕಳಿಸಿದ್ದಾರೆ. ಅವರದು 200 ಸಿಸಿ ಬೈಕ್. ದಿನಾ ಶಹಾಪುರಕ್ಕೆ ಕೆಲಸಕ್ಕೆ ಹೋಗಿ ಬರ್ತಾರೆ. ಆಗಾಗ ಅವ್ವನ್ನ ಹಿಂದೆ ಕೂರಿಸಿಕೊಂಡು ಯಾದಗಿರಿಗೆ ಆಸ್ಪತ್ರೆಗೆ ಹೋಗ್ತಾರೆ. ಇದೇ ಬೈಕನ್ನು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲಿ ಒಂದು ದಿನ ಓಡಿಸಬೇಕು ಅನ್ನೋದು ಅವರ ಆಸೆ. "ಅಣ್ಣಾ, ಈಗಲೇ ರೇಸಿಂಗ್ ಪ್ಯಾಡ್ ಹಾಕಿಸಿಬಿಟ್ರ ಊರಾಗೂ ಛಲೋ ಹಿಡೀತದ, ಟ್ರ್ಯಾಕಿಗೂ ಆಗ್ತದ, ಹೌದಲ್ಲ?" ಅಂತ ಕೇಳಿದ್ದಾರೆ.

ನನ್ನ ಉತ್ತರ: ಬ್ಯಾಡ್ರಿ. ಯಾಕೆ ಅಂತ ಹೇಳ್ತೀನಿ. ನಾನು ಓದಿದ್ದು ಬಿ.ಕಾಂ., ಹಂಗಾಗಿ ಲೆಕ್ಕದಿಂದಲೇ ಶುರು ಮಾಡೋಣ.

ಬ್ರೇಕ್ ಮಾಡೋ ಕೆಲಸ ಒಂದೇ, ಓಟವನ್ನು ಶಾಖ ಮಾಡೋದು. ಬೈಕು, ಸವಾರ ಸೇರಿ 230 ಕೆ.ಜಿ. ಅಂದ್ಕೊಳ್ಳಿ. 50 ಕಿ.ಮೀ. ವೇಗದಿಂದ ನಿಲ್ಲಿಸಿದರೆ ಸುಮಾರು 22 ಸಾವಿರ ಜೂಲ್ ಶಾಖ. 100ರಿಂದ ನಿಲ್ಲಿಸಿದರೆ ಸುಮಾರು 89 ಸಾವಿರ. ವೇಗ ಎರಡು ಪಟ್ಟು, ಶಾಖ ನಾಲ್ಕು ಪಟ್ಟು. ಇರುಂಗಾಟ್ಟುಕೋಟೈ ಟ್ರ್ಯಾಕ್ ಒಂದು ಸುತ್ತಿಗೆ 3.7 ಕಿ.ಮೀ., 12 ತಿರುವು. ಒಂದು ತಿರುವಿನ ಶಾಖ ಆರೋದರೊಳಗೆ ಮುಂದಿನ ತಿರುವು ಬಂದಿರ್ತದೆ. ಅಪ್ಪಟ ರೇಸಿಂಗ್ ಪ್ಯಾಡ್ ಮಾಡಿರೋದೇ ಆ ಬಿಸಿಗೆ. ಅದು ಸರಿಯಾಗಿ ಹಿಡಿಯೋಕೆ ಮೊದಲು ಕಾಯಬೇಕು. ತಣ್ಣಗಿದ್ದಾಗ ಲಿವರ್ ಒತ್ತಿದರೂ ಹಿಡಿತ ಕಡಿಮೆ.

ಈಗ ನಮ್ಮ ರಸ್ತೆಗೆ ಬರ್ರಿ. ಬೆಳಿಗ್ಗೆ ಆರಕ್ಕೆ ಸುರಪುರ ಬಿಡ್ತೀರಿ. ನಾಲ್ಕೈದು ಕಿಲೋಮೀಟರ್ ಬ್ರೇಕ್ ಮುಟ್ಟೋದೇ ಇಲ್ಲ. ರಾಶಿ ಕಾಲದಾಗ ಅರ್ಧ ರಸ್ತೆ ಮೇಲೆ ಜೋಳ, ತೊಗರಿ ಹರವಿರ್ತಾರೆ. ಹಿಂದೆ ದೀಪ ಇಲ್ಲದ ಟ್ರ್ಯಾಲಿ ನಿಂತಿರ್ತದೆ. ಕಾಲುವೆ ಕಡೆಯಿಂದ ಎಮ್ಮಿ ಏರಿ ಬರ್ತದೆ. ಆಗ ನೀವು ಹಿಡಿಯೋ ಬ್ರೇಕೇ ಅವತ್ತಿನ ಮೊದಲನೇ ಬ್ರೇಕ್, ಪೂರ್ತಿ ತಣ್ಣಗಿನದು. ಊರಿನ ಪ್ಯಾಡ್ ಆರಿಸಬೇಕಾದ್ದು ಆ ಒಂದು ಬ್ರೇಕಿಗಾಗಿ. ಹಿಂದೆ ಅವ್ವ ಕೂತಿದ್ದರೆ ತೂಕ ಇನ್ನೂ ಜಾಸ್ತಿ, ನಿಲ್ಲೋಕೆ ಬೇಕಾದ ಜಾಗವೂ ಜಾಸ್ತಿ.

"ಎಬಿಎಸ್ ಅದಲ್ಲ?" ಅಂತೀರಿ. 2019ರ ಏಪ್ರಿಲ್‌ನಿಂದ 125 ಸಿಸಿ ಮೇಲಿನ ಹೊಸ ಬೈಕಿಗೆಲ್ಲ ಎಬಿಎಸ್ ಕಡ್ಡಾಯ, ಒಳ್ಳೇದೇ. ಆದರೆ ಎಬಿಎಸ್ ಗಾಲಿ ಲಾಕ್ ಆಗದಂಗೆ ನೋಡ್ಕೊಳ್ತದೆ. ಪ್ಯಾಡಿಗೆ ಇಲ್ಲದ ಹಿಡಿತವನ್ನು ಅದು ತಂದುಕೊಡೋದಿಲ್ಲ.

ಹಂಗಾದ್ರೆ ಯಾವ ಪ್ಯಾಡ್? ಅಂಗಡಿಯಲ್ಲಿ ಸಾಮಾನ್ಯವಾಗಿ ಎರಡು ಜಾತಿ ಸಿಗ್ತವೆ. ಆರ್ಗ್ಯಾನಿಕ್ ಅಂದರೆ ನಾರು, ರಾಳ ಸೇರಿಸಿ ಮಾಡಿದ್ದು. ಮೆತ್ತಗೆ ಹಿಡೀತದೆ, ಡಿಸ್ಕ್ ಸವೆಯೋದು ಕಡಿಮೆ, ಬೆಲೆಯೂ ಕಡಿಮೆ. ಆದರೆ ವಿಪರೀತ ಕಾದರೆ ಸೋಲ್ತದೆ. ಸಿಂಟರ್ಡ್ ಅಂದರೆ ಲೋಹದ ಪುಡಿಯನ್ನು ಒತ್ತಿ, ಕಾಯಿಸಿ ಮಾಡಿದ್ದು. ತಣ್ಣಗಿದ್ದಾಗಲೂ, ಮಳೆಯಲ್ಲೂ, ಬಿಸಿಯಲ್ಲೂ ಹಿಡೀತದೆ. ಬೆಲೆ ಜಾಸ್ತಿ, ಡಿಸ್ಕ್ ಸ್ವಲ್ಪ ಬೇಗ ಸವೀತದೆ. ನಿಮ್ಮ ಡಿಸ್ಕಿಗೆ ಅದು ಹೊಂದ್ತದಾ ಅಂತ ಕೇಳಿಯೇ ಹಾಕಿಸಿ.

ಬಹಳಷ್ಟು ಪ್ಯಾಡಿನ ಹಿಂದೆ ಎರಡು ಇಂಗ್ಲಿಷ್ ಅಕ್ಷರ ಇರ್ತವೆ: ಎಫ್‌ಎಫ್, ಜಿಜಿ, ಎಚ್‌ಎಚ್ ಅಂತ. ಮೊದಲಿನದು ಸಾಮಾನ್ಯ ಬಿಸಿಯಲ್ಲಿ ಎಷ್ಟು ಹಿಡೀತದೆ ಅನ್ನೋದು, ಎರಡನೇದು ಚೆನ್ನಾಗಿ ಕಾದ ಮೇಲೆ ಎಷ್ಟು ಅನ್ನೋದು. ಎಫ್ ಅಂದರೆ ಘರ್ಷಣೆ ಗುಣಾಂಕ 0.35ರಿಂದ 0.45, ಜಿ ಅಂದರೆ 0.45ರಿಂದ 0.55, ಎಚ್ ಅಂದರೆ 0.55ಕ್ಕಿಂತ ಮೇಲೆ. ಡಬ್ಬಿ ಮೇಲಿನ 'ರೇಸಿಂಗ್' ಅನ್ನೋ ಪದಕ್ಕಿಂತ ಈ ಎರಡು ಅಕ್ಷರ ಜಾಸ್ತಿ ಹೇಳ್ತವೆ. ಆದರೆ ಪ್ಯಾಡ್ ಎಷ್ಟು ದಿನ ಬಾಳ್ತದೆ ಅಂತ ಅವು ಹೇಳೋದಿಲ್ಲ.

ಇನ್ನು ಹಣದ ಮಾತು. ಟ್ರ್ಯಾಕಿಗೆ ಹೋಗೋ ಮೊದಲು ಖರ್ಚು ಮಾಡಬೇಕಾದ್ದು ಬ್ರೇಕ್ ಆಯಿಲ್‌ಗೆ. ಈ ಆಯಿಲ್ ಗಾಳಿಯ ತೇವ ಹೀರ್ತದೆ. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ತನಕ ಕುದಿಯಬಾರದು ಅಂತ ನಿಯಮ. ತೇವ ಸೇರಿದ ಮೇಲೆ ಆ ಮಿತಿ 155ಕ್ಕೆ ಇಳೀತದೆ. ಆಯಿಲ್ ಕುದ್ದರೆ ಒಳಗೆ ಗುಳ್ಳೆ, ಲಿವರ್ ಸೀದಾ ಹ್ಯಾಂಡಲ್ ತನಕ ಬರ್ತದೆ. ಲಿವರ್ ಗಟ್ಟಿಯಾಗೇ ಇದ್ದು ಬೈಕ್ ನಿಲ್ತಿಲ್ಲ ಅಂದರೆ ಸೋತಿರೋದು ಪ್ಯಾಡ್. ಇವೆರಡೂ ಬೇರೆ ಬೇರೆ ರೋಗ, ಔಷಧವೂ ಬೇರೆ. ಆಯಿಲ್ ರೋಗಕ್ಕೆ ದುಬಾರಿ ಪ್ಯಾಡ್ ತಂದರೆ ದುಡ್ಡು ದಂಡ.

ಹಂಗಾಗಿ ನಮ್ಮ ಸುರಪುರದ ಅಣ್ಣನಿಗೆ ನನ್ನ ಸಲಹೆ ಇಷ್ಟು. ಟೈರ್ ಸವೆದಿದ್ದರೆ ಮೊದಲು ಅದು. ಆಮೇಲೆ ಹೊಸ ಬ್ರೇಕ್ ಆಯಿಲ್, ನಿಮ್ಮ ಬೈಕಿನ ಪುಸ್ತಕದಲ್ಲಿ ಹೇಳಿರೋ ಡಾಟ್ ನಂಬರಿನದೇ. ಅದಾದ ಮೇಲೆ ರಸ್ತೆಗೆ ಅಂತಲೇ ಮಾಡಿದ ಒಳ್ಳೆ ಸಿಂಟರ್ಡ್ ಪ್ಯಾಡ್. ಮೊದಲ ಸಲ ಟ್ರ್ಯಾಕಿಗೆ ಹೋಗೋರಿಗೆ ಇದು ಸಾಕು. ಮುಂದೆ ವೇಗ ಬಂದು ಇದೂ ಸೋಲ್ತಿದೆ ಅನ್ನಿಸಿದರೆ ಟ್ರ್ಯಾಕ್ ಪ್ಯಾಡ್ ಬ್ಯಾಗಿನಲ್ಲಿ ಒಯ್ಯಿರಿ, ಅಲ್ಲೇ ಹಾಕಿರಿ, ಊರಿಗೆ ಹೊರಡೋ ಮೊದಲು ಬಿಚ್ಚಿರಿ. ಎರಡು ಜೊತೆ ಅಂದರೆ ಖರ್ಚು ಎರಡು ಪಟ್ಟು ಅಂತ ಕಾಣ್ತದೆ. ಆದರೆ ಎರಡೂ ಅಷ್ಟಷ್ಟೇ ಸವೀತವೆ, ದುಡ್ಡು ಎಲ್ಲೂ ಹೋಗಲ್ಲ.

ಹೊಸ ಪ್ಯಾಡ್ ಹಾಕಿದ ದಿನವೇ ಜೋರಾಗಿ ಹೊಡಿಬ್ಯಾಡ್ರಿ. ಖಾಲಿ ರಸ್ತೆಯಲ್ಲಿ, ಹಿಂದೆ ಯಾರೂ ಬರ್ತಿಲ್ಲ ಅಂತ ನೋಡಿ, 50ರಿಂದ 20ಕ್ಕೆ ಎಂಟು ಹತ್ತು ಸಲ ನಿಧಾನಕ್ಕೆ ಇಳಿಸಿ. ಪೂರ್ತಿ ನಿಲ್ಲಿಸಬ್ಯಾಡ್ರಿ. ಆಮೇಲೆ ಬ್ರೇಕ್ ಹಿಡಿಯದೆ ಸ್ವಲ್ಪ ದೂರ ಓಡಿಸಿ, ಆರಲಿ. ಪ್ಯಾಡೂ ಡಿಸ್ಕೂ ಹೊಂದಿಕೊಳ್ಳೋದು ಹಿಂಗೆ.

ನಮ್ಮ ಮಂದಿಯಲ್ಲಿ ಹೆಚ್ಚಿನವರ ಗಾಡಿಗೆ ಇನ್ನೂ ಡ್ರಮ್ ಬ್ರೇಕೇ ಇದೆ. ಅವರಿಗೆ ಶೂ, ಕೇಬಲ್, ಅಡ್ಜಸ್ಟ್‌ಮೆಂಟ್ ಬಗ್ಗೆ ಮುಂದಿನ ವಾರ ಮಾತಾಡ್ತೀನಿ. ಅಲ್ಲೀತನಕ, ಗಾಡಿ ತೆಗೆದ ಕೂಡಲೇ ಮನಿ ಮುಂದೇ ಒಂದು ಸಲ ಬ್ರೇಕ್ ಹಿಡಿದು ನೋಡ್ರಿ. ಬರ್ತೀನ್ರಿ.