ಎರಡನೇ ಗಾಡಿ ಎಲೆಕ್ಟ್ರಿಕ್ ತಗೊಳ್ತೀರಾ? ಮೊದಲು ನಿಮ್ಮ ಪಾರ್ಕಿಂಗ್ ನೋಡಿ

ಇವತ್ತಿನ ಮಾತು ಮುಖ್ಯವಾಗಿ ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿ ಕಡೆ ಇರುವ ನಮ್ಮ ಕನ್ನಡಿಗರಿಗೆ. ಮನೆಯಲ್ಲಿ ಈಗಾಗಲೇ ಒಂದು ಪೆಟ್ರೋಲ್ ಕಾರು ಇದೆ. ಇನ್ನೊಂದು ಬೇಕಾಗಿದೆ, ಯಾಕಂದ್ರೆ ಒಬ್ಬರು ಮಹಾಪೆಗೆ ಕೆಲಸಕ್ಕೆ ಹೋದರೆ ಇನ್ನೊಬ್ಬರಿಗೆ ಮಕ್ಕಳ ಕ್ಲಾಸು, ಅಮ್ಮನ ಆಸ್ಪತ್ರೆ ಅಂತ ಗಾಡಿ ಸಿಗೋದಿಲ್ಲ. ಬಜೆಟ್ ಎಂಟು–ಹತ್ತು ಲಕ್ಷ. ಎಲೆಕ್ಟ್ರಿಕ್ ತಗೊಳ್ಳೋದಾ, ಬೇಡವಾ? ತಗೊಂಡರೆ ಯಾವುದು?

ಶೋರೂಮಿಗೆ ಹೋದರೆ ಅವರು ಮೊದಲು ತೋರಿಸೋದು ರೇಂಜ್, ಆಮೇಲೆ ದೊಡ್ಡ ಸ್ಕ್ರೀನ್. ನಾನು ಹೇಳೋದು ಬೇರೆ ಕ್ರಮ. ಮೊದಲು ನಿಮ್ಮ ಪಾರ್ಕಿಂಗ್, ಆಮೇಲೆ ತಿಂಗಳಿಗೆ ಎಷ್ಟು ಕಿಲೋಮೀಟರ್ ಓಡಿಸ್ತೀರಿ ಅನ್ನೋದು, ಕಾರು ಕೊನೆಗೆ.

ಪಾರ್ಕಿಂಗ್‌ನಿಂದ ಶುರು ಮಾಡೋಣ. ಸಣ್ಣ ಎಲೆಕ್ಟ್ರಿಕ್ ಕಾರಿಗೆ ವಿಶೇಷ ಚಾರ್ಜರ್ ಬೇಕಾಗಿಲ್ಲ. ಗೀಸರ್‌ಗೆ ಹಾಕ್ತೀವಲ್ಲ, ಆ 15 ಆಂಪಿಯರ್ ಪ್ಲಗ್ ಸಾಕು. ರಾತ್ರಿ ಹಾಕಿದರೆ ಬೆಳಗ್ಗೆಗೆ ರೆಡಿ. ಆದರೆ ಆ ಪ್ಲಗ್ ನಿಮ್ಮ ಪಾರ್ಕಿಂಗ್ ಜಾಗದಲ್ಲಿ ಇರಬೇಕು, ನಿಮ್ಮ ಮೀಟರ್‌ಗೆ ಸೇರಿರಬೇಕು. ಡೊಂಬಿವಲಿಯ ಹಳೆಯ ಮೂರು–ನಾಲ್ಕು ಮಾಳಿಗೆಯ ಕಟ್ಟಡದಲ್ಲಿ ಮೀಟರ್ ಬಾಕ್ಸ್ ಕೆಳಗೇ ಇರುತ್ತೆ, ಕೇಬಲ್ ಎಳೆಯೋದು ಸುಲಭ. ಥಾಣೆಯ ದೊಡ್ಡ ಟವರ್‌ನಲ್ಲಿ ನಿಮಗೆ ಸಿಕ್ಕಿರೋದು ಒಂದರ ಮೇಲೊಂದು ಕಾರು ಏರಿಸುವ ಸ್ಟ್ಯಾಕ್ ಪಾರ್ಕಿಂಗ್ ಆದರೆ ಕಷ್ಟ. ಮೇಲಿನ ತಟ್ಟೆಗೆ ವೈರ್ ಒಯ್ಯೋದು ಹೇಗೆ ಅಂತ ಗಾಡಿ ಬುಕ್ ಮಾಡುವ ಮೊದಲೇ ಕೇಳಿ.

ಸೊಸೈಟಿ ಕಮಿಟಿ ಹತ್ತಿರ ಬಾಯಿಮಾತು ಬೇಡ, ಬರವಣಿಗೆಯಲ್ಲಿ ಅರ್ಜಿ ಕೊಡಿ. ಫೆಬ್ರವರಿ 2024ರಲ್ಲಿ ಕೇಂದ್ರ ಸರಕಾರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಕ್ಕೆ ತಿದ್ದುಪಡಿ ತಂದಿದೆ. ಅದರ ಪ್ರಕಾರ ಗಾಡಿ ಚಾರ್ಜ್ ಮಾಡೋಕೆ ಪ್ರತ್ಯೇಕ ಕನೆಕ್ಷನ್ ಕೇಳಬಹುದು. ಅರ್ಜಿಯಲ್ಲಿ ಅದನ್ನೂ ಬರೆಯಿರಿ. ಜೊತೆಗೆ ಕೆಲಸ ಸರಿಯಾಗಿ ಮಾಡಿಸ್ತೀನಿ ಅಂತ ಭರವಸೆ ಕೊಡಿ: ಕನಿಷ್ಠ 4 ಚದರ ಮಿ.ಮೀ. ತಾಮ್ರದ ವೈರ್, ದೂರ ಜಾಸ್ತಿ ಇದ್ದರೆ 6, ಪ್ರತ್ಯೇಕ ಎಂಸಿಬಿ, ಶಾಕ್ ತಡೆಯುವ ಆರ್‌ಸಿಸಿಬಿ, ಒಳ್ಳೆಯ ಅರ್ಥಿಂಗ್. ಕಮಿಟಿಯವರ ಭಯ ಬೆಂಕಿಯದು. ಅದು ಸುಳ್ಳು ಭಯ ಅಲ್ಲ, ಆದರೆ ಅದಕ್ಕೆ ಉತ್ತರ ಇರೋದು ಒಳ್ಳೆಯ ವೈರಿಂಗ್‌ನಲ್ಲಿ. ಎಕ್ಸ್‌ಟೆನ್ಷನ್ ಬೋರ್ಡ್ ಹಾಕಿ ಕಿಟಕಿಯಿಂದ ವೈರ್ ಇಳಿಬಿಡೋದು ಮಾತ್ರ ಯಾವತ್ತೂ ಬೇಡ.

ಇನ್ನೊಂದು ಮಾತು, ಇದು ನಮ್ಮ ಡೊಂಬಿವಲಿ–ಕಲ್ಯಾಣ್‌ನವರಿಗೆ. ನಿಮ್ಮ ಬಿಲ್ಡಿಂಗ್ ರೀಡೆವಲಪ್‌ಮೆಂಟ್‌ಗೆ ಹೋಗುವ ಮಾತು ನಡೀತಾ ಇದೆಯಾ? ಹಾಗಿದ್ದರೆ ಮೂರು–ನಾಲ್ಕು ವರ್ಷ ಬಾಡಿಗೆ ಮನೆ. ಆ ಬಾಡಿಗೆ ಮನೆಯಲ್ಲಿ ಪಾರ್ಕಿಂಗ್, ಪ್ಲಗ್ ಎರಡೂ ಸಿಗುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಅಂಥವರು ಸ್ವಲ್ಪ ಕಾಯೋದು ಒಳ್ಳೆಯದು.

ಈಗ ದುಡ್ಡಿನ ಲೆಕ್ಕ. ಪೆನ್ನು–ಪೇಪರ್ ತಗೊಳ್ಳಿ. ತಿಂಗಳಿಗೆ 1000 ಕಿ.ಮೀ. ಓಡಿಸ್ತೀರಿ ಅಂತ ಇಟ್ಟುಕೊಳ್ಳೋಣ. ಡೊಂಬಿವಲಿಯಿಂದ ಶಿಳ್‌ಫಾಟಾ ಮೇಲೆ ಮಹಾಪೆಗೆ ದಿನಾ ಹೋಗಿಬರುವವರಿಗೆ ಸುಮಾರು ಇಷ್ಟಾಗುತ್ತೆ. ಆ ಟ್ರಾಫಿಕ್‌ನಲ್ಲಿ ಪೆಟ್ರೋಲ್ ಕಾರು ಲೀಟರಿಗೆ 13 ಕೊಟ್ಟರೆ, ಲೀಟರಿಗೆ 104 ರೂಪಾಯಿ ಹಿಡಿದರೆ, 8000 ರೂಪಾಯಿ. ಸಿಎನ್‌ಜಿ ಕಿಲೋಗೆ 20 ಕಿ.ಮೀ., ದರ 80 ಹಿಡಿದರೆ 4000. ಎಲೆಕ್ಟ್ರಿಕ್‌ನಲ್ಲಿ ಚಾರ್ಜಿಂಗ್ ನಷ್ಟ ಸೇರಿಸಿ ಯೂನಿಟ್‌ಗೆ 7 ಕಿ.ಮೀ. ಅಂದರೆ 143 ಯೂನಿಟ್. ಮಹಾವಿತರಣದ ಬಿಲ್ಲು ಸ್ಲ್ಯಾಬ್ ಪ್ರಕಾರ ಏರುತ್ತೆ, 300 ಯೂನಿಟ್ ದಾಟಿದ ಮೇಲೆ ದರ ಜಾಸ್ತಿ. ಕಾರಿನ ಯೂನಿಟ್‌ಗಳು ಮನೆಯ ಬಿಲ್ಲಿನ ಮೇಲೆ ಕೂರೋದರಿಂದ ನಾನು ಧಾರಾಳವಾಗಿ 15 ರೂಪಾಯಿ ಹಿಡಿದಿದ್ದೀನಿ. 2150 ರೂಪಾಯಿ ಆಯ್ತು.

ಪೆಟ್ರೋಲ್‌ಗೆ ಹೋಲಿಸಿದರೆ ತಿಂಗಳಿಗೆ 5850, ವರ್ಷಕ್ಕೆ 70 ಸಾವಿರ ಉಳೀತು. ಎಲೆಕ್ಟ್ರಿಕ್ ಕಾರಿಗೆ ಎರಡು ಲಕ್ಷ ಜಾಸ್ತಿ ಕೊಟ್ಟಿದ್ದರೂ ಮೂರು ವರ್ಷದೊಳಗೆ ವಾಪಸ್. ಆದರೆ ಸಿಎನ್‌ಜಿಗೆ ಹೋಲಿಸಿದರೆ ವರ್ಷಕ್ಕೆ ಉಳಿಯೋದು 22 ಸಾವಿರ ಮಾತ್ರ, ಒಂಬತ್ತು ವರ್ಷ ಬೇಕು. ಮನೆಯಲ್ಲಿ ಪ್ಲಗ್ ಇಲ್ಲದೆ ಸಾರ್ವಜನಿಕ ಚಾರ್ಜರ್‌ನಲ್ಲಿ ಯೂನಿಟ್‌ಗೆ 25 ಕೊಟ್ಟರೆ 3600 ಆಗುತ್ತೆ. ಸಿಎನ್‌ಜಿ ಮುಂದೆ ಉಳಿತಾಯ ಹೆಚ್ಚುಕಡಿಮೆ ಹೋಯ್ತು. ಪಾರ್ಕಿಂಗ್ ಮೊದಲು ಅಂದದ್ದು ಇದಕ್ಕೇ.

ಈಗ ಅದೇ ಕಾರು ತಿಂಗಳಿಗೆ 300 ಕಿ.ಮೀ. ಓಡುತ್ತೆ ಅನ್ನಿ. ತರಕಾರಿ, ಸ್ಟೇಷನ್, ಭಾನುವಾರ ದೇವಸ್ಥಾನ. ಆಗ ಪೆಟ್ರೋಲ್‌ಗೆ ಹೋಲಿಸಿದರೂ ವರ್ಷಕ್ಕೆ ಉಳಿಯೋದು 21 ಸಾವಿರ. ಎರಡು ಲಕ್ಷ ವಾಪಸ್ ಬರೋಕೆ ಒಂಬತ್ತೂವರೆ ವರ್ಷ. ಮೇಲಾಗಿ 22 ಸೆಪ್ಟೆಂಬರ್ 2025ರಿಂದ ಸಣ್ಣ ಪೆಟ್ರೋಲ್ ಕಾರಿನ ಜಿಎಸ್‌ಟಿ 28ರಿಂದ 18 ಶೇಕಡಕ್ಕೆ ಇಳಿದಿದೆ. ಎಲೆಕ್ಟ್ರಿಕ್‌ಗೆ ಅದಕ್ಕೂ ಮುಂಚೆಯೇ 5 ಶೇಕಡ ಇತ್ತು. ಅಂದರೆ ಇಬ್ಬರ ಬೆಲೆಯ ಅಂತರದಲ್ಲಿ ಎಲೆಕ್ಟ್ರಿಕ್‌ಗಿದ್ದ ಅನುಕೂಲ ಕಡಿಮೆಯಾಗಿದೆ.

ಇಲ್ಲಿಗೆ ನಾನು ಹೇಳಬೇಕಾದ ಮುಖ್ಯ ಮಾತು ಬಂತು. ನಾವು ಎಲೆಕ್ಟ್ರಿಕ್ ಅನ್ನು ಎರಡನೇ ಗಾಡಿ ಅಂತ ಕೊಳ್ತೀವಿ, ಆಮೇಲೆ ಎರಡನೇ ಗಾಡಿ ಥರಾನೇ ಇಡ್ತೀವಿ. ಯಜಮಾನರು ದಿನಾ ಪೆಟ್ರೋಲ್ ಕಾರಿನಲ್ಲಿ ಶಿಳ್‌ಫಾಟಾದ ಜಾಮ್‌ನಲ್ಲಿ ನಿಲ್ತಾರೆ, ಎಲೆಕ್ಟ್ರಿಕ್ ಕಾರು ಕೆಳಗೆ ಕವರ್ ಹಾಕ್ಕೊಂಡು ಮಲಗಿರುತ್ತೆ. ಲೆಕ್ಕ ಉಲ್ಟಾ ಆಯ್ತು. ದಿನಾ ಜಾಸ್ತಿ ಓಡುವವರ ಕೈಗೆ ಎಲೆಕ್ಟ್ರಿಕ್ ಕೀ ಕೊಡಿ, ಅದು ಗಂಡ ಆಗಲಿ, ಹೆಂಡತಿ ಆಗಲಿ, ಮಗಳಾಗಲಿ. ಪೆಟ್ರೋಲ್ ಕಾರು ಹತ್ತಿರದ ಓಡಾಟಕ್ಕೂ ಪುಣೆ, ನಾಸಿಕ್‌ಗೂ ಇರಲಿ. ಜಾಮ್‌ನಲ್ಲಿ ನಿಂತಾಗ ಎಲೆಕ್ಟ್ರಿಕ್‌ನಲ್ಲಿ ಖರ್ಚಾಗೋದು ಹೆಚ್ಚುಕಡಿಮೆ ಎಸಿ ಕರೆಂಟ್ ಮಾತ್ರ.

"ಊರಿಗೆ ಹೋಗೋಕೆ ಆಗುತ್ತಾ?" ಅಂತ ತುಂಬಾ ಜನ ಕೇಳ್ತೀರಿ. ಮಂಗಳೂರು, ಉಡುಪಿ ಕಡೆಯವರಿಗೆ ಥಾಣೆ, ಪನ್ವೇಲ್‌ನಲ್ಲಿ ಹತ್ತೋಕೆ ಮತ್ಸ್ಯಗಂಧ ಇದೆ. ಹುಬ್ಬಳ್ಳಿಯವರಿಗೆ ರಾತ್ರಿ ಬಸ್ಸು, ರೈಲು ಇದೆ. ಕಾರಲ್ಲೇ ಹೋಗ್ಬೇಕು ಅಂದರೆ ಮೊದಲ ಗಾಡಿ ಇದೆಯಲ್ಲ. ವರ್ಷಕ್ಕೆ ಎರಡು ಸಲದ ಊರಿನ ದಾರಿಗೋಸ್ಕರ ನಾಲ್ಕು ಲಕ್ಷ ಜಾಸ್ತಿ ಕೊಟ್ಟು ದೊಡ್ಡ ಬ್ಯಾಟರಿ ಹೊತ್ತುಕೊಂಡು ತಿರುಗೋದು ಬೇಡ.

ಈಗ ಕಾರುಗಳು. ಕಂಪನಿ ಹೇಳುವ ರೇಂಜ್‌ನ ಮೂರರಲ್ಲಿ ಎರಡು ಭಾಗ ಸಿಗುತ್ತೆ ಅಂತ ಹಿಡಿಯಿರಿ. ಎಂಜಿ ಕಾಮೆಟ್ 2023ರಲ್ಲಿ ಬಂತು, 17.3 ಯೂನಿಟ್ ಬ್ಯಾಟರಿ, ಹೇಳಿದ ರೇಂಜ್ 230, ಅಂದರೆ ನಿಮಗೆ 150. ಉದ್ದ ಮೂರು ಮೀಟರ್‌ಗೂ ಕಡಿಮೆ, ಡೊಂಬಿವಲಿ ಗಲ್ಲಿಗಳಿಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಬಾಗಿಲು ಎರಡೇ. ಮಂಡಿನೋವಿನ ಅಮ್ಮನನ್ನು ಹಿಂದೆ ಕೂರಿಸೋಕೆ ಆಗಲ್ಲ, ಮುಂದೆಯೇ ಕೂರಿಸಬೇಕು. ಚಕ್ರ 12 ಇಂಚು, ಘೋಡಬಂದರ್ ರಸ್ತೆಯ ಗುಂಡಿಗಳಲ್ಲಿ ಗೊತ್ತಾಗುತ್ತೆ. ಟಾಟಾ ಟಿಯಾಗೊ ಇವಿ 2022ರಲ್ಲಿ 19.2 ಮತ್ತು 24 ಯೂನಿಟ್‌ನ ಎರಡು ಬ್ಯಾಟರಿಯಲ್ಲಿ ಬಂತು, ಹೇಳಿದ್ದು 250 ಮತ್ತು 315. ನಿಮಗೆ 165, 210. ನಾಲ್ಕು ಬಾಗಿಲು, ಫಾಸ್ಟ್ ಚಾರ್ಜಿಂಗ್ ಇದೆ. ಹಿರಿಯರು, ಮಕ್ಕಳು ಇರುವ ಮನೆಗೆ ಕಾಮೆಟ್‌ಗಿಂತ ಇದೇ ವಾಸಿ. ಪಂಚ್ ಇವಿ ನೆಲದಿಂದ 190 ಮಿ.ಮೀ. ಎತ್ತರ, ಭಾರತ್ ಎನ್‌ಕ್ಯಾಪ್‌ನಲ್ಲಿ ಐದು ಸ್ಟಾರ್, ಬೆಲೆಯೂ ಮೇಲೆ. ದಿನಕ್ಕೆ 40–50 ಕಿ.ಮೀ. ಓಡುವವರಿಗೆ ಟಿಯಾಗೊದ ಸಣ್ಣ ಬ್ಯಾಟರಿ ಕೂಡ ಎರಡು–ಮೂರು ದಿನ ಬರುತ್ತೆ.

ಬ್ಯಾಟರಿ ಬಾಡಿಗೆಯ ಯೋಜನೆ ಬಗ್ಗೆ ಜಾಗ್ರತೆ. 2024ರಲ್ಲಿ ಕಾಮೆಟ್‌ಗೆ ಇದು ಬಂದಾಗ ಕಾರು 4.99 ಲಕ್ಷ, ಮೇಲೆ ಕಿಲೋಮೀಟರಿಗೆ ಎರಡೂವರೆ ರೂಪಾಯಿ. 1000 ಕಿ.ಮೀ.ಗೆ 2500, ಅದಕ್ಕೆ ಕರೆಂಟ್ 2150 ಸೇರಿಸಿ. 4650 ಆಯ್ತು, ಸಿಎನ್‌ಜಿಗಿಂತ ಜಾಸ್ತಿ. ಕೈಯಲ್ಲಿ ದುಡ್ಡಿಲ್ಲದವರಿಗೆ ಅನುಕೂಲ ಇರಬಹುದು, ಆದರೆ ಈಗಿನ ದರ ಎಷ್ಟು, ತಿಂಗಳಿಗೆ ಕನಿಷ್ಠ ಎಷ್ಟು ಕಟ್ಟಬೇಕು ಅಂತ ಕೇಳಿಯೇ ಸಹಿ ಹಾಕಿ.

ಟೋಲ್ ವಿಷಯ. ಐರೋಲಿ, ವಾಶಿ, ಮುಲುಂಡ್ ನಾಕಾಗಳಲ್ಲಿ ಅಕ್ಟೋಬರ್ 2024ರಿಂದ ಎಲ್ಲ ಕಾರುಗಳಿಗೂ ಟೋಲ್ ಇಲ್ಲ, ಅದು ಎಲೆಕ್ಟ್ರಿಕ್‌ನ ಲಾಭ ಅಲ್ಲ. ಆದರೆ ಅಟಲ್ ಸೇತುವಿನಲ್ಲಿ ಆಗಸ್ಟ್ 2025ರಿಂದ ಎಲೆಕ್ಟ್ರಿಕ್ ಕಾರಿಗೆ ಮಾತ್ರ ಮಾಫಿ. ಬೇರೆ ಕಾರಿಗೆ ಒಂದು ಕಡೆಗೆ 250, ಹೋಗಿಬರೋಕೆ 375. ಉಲ್ವೆ, ಪನ್ವೇಲ್‌ನಿಂದ ತಿಂಗಳಿಗೆ 22 ದಿನ ದಾಟುವವರಿಗೆ 8250 ರೂಪಾಯಿ. ಅವರ ಲೆಕ್ಕ ಇದೊಂದರಿಂದಲೇ ಬದಲಾಗುತ್ತೆ.

ಕೊನೆಗೆ ಮಳೆ. ಉಲ್ಹಾಸ್, ವಾಲಧುನಿ ನದಿಗಳ ಹತ್ತಿರ ಇರುವವರು 2005ರ ಜುಲೈ 26, 2019ರ ಜುಲೈ ಮರೆತಿರಲಿಕ್ಕಿಲ್ಲ. ಬ್ಯಾಟರಿಗೆ ಐಪಿ67 ಇದೆ, ಅಂದರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ತಡೆಯುತ್ತೆ ಅಂತ. ರಾತ್ರಿಯಿಡೀ ಮುಳುಗಿಸಿಡೋಕೆ ಅಲ್ಲ, ಪ್ರವಾಹದಲ್ಲಿ ಓಡಿಸೋಕೂ ಅಲ್ಲ. ಪ್ಲಗ್ ಹಾಕಿಸುವಾಗ 2005ರಲ್ಲಿ ಕಾಂಪೌಂಡ್‌ನಲ್ಲಿ ನೀರು ಎಲ್ಲಿವರೆಗೆ ಬಂದಿತ್ತು ಅಂತ ಹಳೆಯ ಸದಸ್ಯರನ್ನು ಕೇಳಿ, ಅದಕ್ಕಿಂತ ಮೇಲೆ ಹಾಕಿಸಿ.

ಹಾಗಾದರೆ ಈ ವಾರ ಶೋರೂಮಿಗೆ ಹೋಗಬೇಡಿ. ಒಂದು ತಿಂಗಳು ಮನೆಯಲ್ಲಿ ಯಾರು ಎಷ್ಟು ಕಿಲೋಮೀಟರ್ ಓಡಾಡ್ತಾರೆ ಅಂತ ಅಡುಗೆಮನೆ ಕ್ಯಾಲೆಂಡರ್ ಮೇಲೆ ಬರೆಯಿರಿ, ಸೊಸೈಟಿಗೆ ಅರ್ಜಿ ಕೊಡಿ. ಪ್ಲಗ್ ಸಿಕ್ಕಿ, ಲೆಕ್ಕ 800–1000 ದಾಟಿದರೆ ಧೈರ್ಯವಾಗಿ ತಗೊಳ್ಳಿ. 300ರಲ್ಲೇ ನಿಂತರೆ ರಿಕ್ಷಾ, ಲೋಕಲ್ ಸಾಕು, ಆ ಎಂಟು ಲಕ್ಷ ಬ್ಯಾಂಕಲ್ಲೇ ಇರಲಿ. ನಿಮ್ಮ ಲೆಕ್ಕ ಏನು ಬಂತು ಅಂತ ಬರೆದು ತಿಳಿಸಿ.