ಹಳೆಯ ಮೋಟಾರ್ ಸೈಕಲ್ಲಿನ ಪೆಟ್ರೋಲ್ ಟಾಕಿಗೆ ಹಿಡಿದ ಜಂಗು

(ಗಳಿತ ಹಂಗಾಮಿನ ಪೂರ್ವದಲ್ಲಿ ಜರುಗಿದ ಗಟ್ ಸಭೆಯಲ್ಲಿ ಕಬ್ಬು ಅಭಿವೃದ್ಧಿ ಅಧಿಕಾರಿಗಳು ಮಾಡಿದ ಭಾಷಣ)



ಕಬ್ಬು ಅಭಿವೃದ್ಧಿ ಅಧಿಕಾರಿ ತುಕ್ಕಿನ ಬಗ್ಗೆ ಮಾತನಾಡುತ್ತಾನೆಂದರೆ, ಕಬ್ಬಿನ ಎಲೆಯ ಮೇಲೆ ಕಂದು ಗುಳ್ಳೆ ಎಬ್ಬಿಸುವ ತುಕ್ಕು ರೋಗದ ವಿಷಯವೇ ಇರಬೇಕೆಂದು ತಾವು ತಿಳಿದಿರಬಹುದು. ಅದು ಶಿಲೀಂಧ್ರದಿಂದ ಬರುವ ರೋಗ. ಇಂದು ನಾನು ಹೇಳುವುದು ನೀರು, ಗಾಳಿಗಳಿಂದ ಕಬ್ಬಿಣಕ್ಕೆ ಬರುವ ಜಂಗಿನ ವಿಷಯ.

ನಮ್ಮ ಭಾಗದ ಅನೇಕ ಮನೆಗಳಲ್ಲಿ ಇನ್ನೂ ಹಳೆಯ ರಾಜದೂತ, ಯೆಜ್ಡಿ, ಬುಲೆಟ್ ಗಾಡಿಗಳಿವೆ. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಕಾರಖಾನೆ 1996ರಲ್ಲಿ ಮುಚ್ಚಿತು; ಗಾಡಿಗಳು ಮಾತ್ರ ಹೊಲದ ದಾರಿಯಲ್ಲಿ ಓಡುತ್ತಲೇ ಇವೆ. ಮಳೆಗಾಲವಿಡೀ ಕೊಟ್ಟಿಗೆಯ ಮೂಲೆಯಲ್ಲಿ ನಿಂತ ಗಾಡಿಯನ್ನು, ಕಬ್ಬು ಕಡಿಯುವ ಸರದಿ ಬಂದಾಗ ಹೊರಗೆಳೆಯುತ್ತೇವೆ. ಎರಡು ಮೈಲು ಹೋಗುವುದರೊಳಗೆ ನಿಂತುಬಿಡುತ್ತದೆ. ತೂಕದ ಕಾಟಾಕ್ಕೆ ಹೋಗುವಾಗ ನಿಂತರೆ ಒಂದು ತಾಸು ಹಾಳು. ನಡುರಾತ್ರಿ ಬಾಣಂತಿಯನ್ನೋ ರೋಗಿಯನ್ನೋ ಕೂರಿಸಿಕೊಂಡು ಹೋಗುವಾಗ ನಿಂತರೆ ಗತಿ ಏನು? ಕಾರ್ಬ್ಯುರೇಟರ್ ಬಿಚ್ಚಿ ನೋಡಿದರೆ ತಳದಲ್ಲಿ ಕೆಂಪು ಪುಡಿ. ಅದನ್ನು ಎಷ್ಟು ಸಲ ತೊಳೆದರೂ ಪ್ರಯೋಜನವಿಲ್ಲ. ಮೂಲ ಟಾಕಿಯಲ್ಲಿದೆ.

ಜಂಗು ಹಿಡಿಯುವುದೇಕೆ?

ಅರ್ಧ ತುಂಬಿದ ಟಾಕಿಯ ಮೇಲ್ಭಾಗದಲ್ಲಿ ಗಾಳಿ ಇರುತ್ತದೆ. ಹಗಲು ಕಾದು ರಾತ್ರಿ ತಣಿದಾಗ ಆ ಗಾಳಿಯ ತೇವ ತಗಡಿನ ಒಳಮೈಗೆ ಬೆವರಿನಂತೆ ಕೂಡುತ್ತದೆ. ನೀರು ಪೆಟ್ರೋಲಿಗಿಂತ ಭಾರ. ಹನಿ ಹನಿಯಾಗಿ ಇಳಿದು ತಳ ಸೇರುತ್ತದೆ. ಹೀಗಾಗಿ ಜಂಗು ಮೇಲೂ ಹಿಡಿಯುತ್ತದೆ, ತಳದಲ್ಲಿಯೂ ಹಿಡಿಯುತ್ತದೆ.

ಇಲ್ಲಿ ನಮಗೆ ಸಂಬಂಧಿಸಿದ ಮಾತೊಂದಿದೆ. ಪೆಟ್ರೋಲಿನಲ್ಲಿ ಎಥೆನಾಲ್ ಬೆರೆಸುವ ಕಾರ್ಯಕ್ರಮ 2003ರಲ್ಲಿ ಶೇಕಡಾ 5ರಿಂದ ಆರಂಭವಾಯಿತು. 2022ರಲ್ಲಿ ಶೇಕಡಾ 10ಕ್ಕೆ ಮುಟ್ಟಿತು. 2023ರ ಫೆಬ್ರುವರಿಯಿಂದ ಶೇಕಡಾ 20ರ ಪೆಟ್ರೋಲ್ ಬರತೊಡಗಿತು. ಆ ಎಥೆನಾಲಿನಲ್ಲಿ ಕಬ್ಬಿನ ರಸ, ಕಾಕಂಬಿಗಳ ಪಾಲೂ ಇದೆ. ನಮ್ಮ ಕಬ್ಬಿನ ಬಿಲ್ಲಿಗೆ ಅದು ಆಧಾರ. ಹಾಗೆಂದು ಅದರ ಗುಣವನ್ನು ಮುಚ್ಚಿಡಬಾರದು. ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಮಿತಿಯೊಳಗಿದ್ದರೆ ಆ ನೀರು ಪೆಟ್ರೋಲಿನೊಡನೆ ಬೆರೆತು ಉರಿದುಹೋಗುತ್ತದೆ. ಮಿತಿ ಮೀರಿದರೆ ಎಥೆನಾಲ್ ಮತ್ತು ನೀರು ಕೂಡಿ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ದಿನಾಲು ಓಡುವ ಗಾಡಿಗೆ ಈ ತೊಂದರೆ ಕಡಿಮೆ. ತಿಂಗಳುಗಟ್ಟಲೆ ನಿಲ್ಲುವ ಗಾಡಿಗೆ ಹೆಚ್ಚು.

ಮೊದಲು ಜೀವ, ಆಮೇಲೆ ಗಾಡಿ

ಪೆಟ್ರೋಲ್ ತುಂಬಿದ ಟಾಕಿಗಿಂತ ಖಾಲಿ ಟಾಕಿ ಹೆಚ್ಚು ಅಪಾಯಕಾರಿ. ಒಳಗಿನ ಆವಿ ಗಾಳಿಯೊಡನೆ ಬೆರೆತು ಕಿಡಿಗಾಗಿ ಕಾಯುತ್ತಿರುತ್ತದೆ. ಈ ಆವಿ ಗಾಳಿಗಿಂತ ಭಾರವಾದ್ದರಿಂದ ನೆಲದ ಮೇಲೆ ಹರಿದು ದೂರದ ಒಲೆಯನ್ನೂ ಮುಟ್ಟಬಲ್ಲದು. ಆದ್ದರಿಂದ ಈ ಕೆಲಸವನ್ನು ಹಗಲಿನಲ್ಲಿ, ಬಯಲಿನಲ್ಲಿ ಮಾಡಬೇಕು. ಬೀಡಿ, ಒಲೆ, ಪಂಪಿನ ಸ್ವಿಚ್ಚು ಹತ್ತಿರ ಇರಬಾರದು. ಒಳಗೆ ನೋಡಲು ಕಡ್ಡಿ ಗೀರಲೇಬಾರದು. ತೂತು ಬಿದ್ದ ಟಾಕಿಯನ್ನು ತೊಳೆದಿದ್ದೇವೆಂದು ನಂಬಿ ಊರ ವೆಲ್ಡಿಂಗ್ ಅಂಗಡಿಗೆ ಒಯ್ಯಬೇಡಿರಿ. ಬೆಸುಗೆಯ ಸಂದಿನಲ್ಲಿ ಉಳಿದ ಪೆಟ್ರೋಲ್ ಸಾಕು, ಟಾಕಿ ಸಿಡಿಯಲು. ತೂತಾದ ಟಾಕಿಯನ್ನು ಬದಲಿಸುವುದೇ ಲೇಸು.

ಮಾಡುವ ಕ್ರಮ

ಬ್ಯಾಟರಿಯ ತಂತಿ ಬಿಚ್ಚಿ, ಪೆಟ್ರೋಲನ್ನು ಮುಚ್ಚಳವಿರುವ ಡಬ್ಬಿಗೆ ಇಳಿಸಿ, ಟಾಕಿಯನ್ನು ಗಾಡಿಯಿಂದ ತೆಗೆಯಿರಿ. ಪೆಟ್ರೋಲ್ ಕಾಕ್ ಬಿಚ್ಚಿ ಆ ತೂತಿಗೆ ರಬ್ಬರ್ ಬಿರಡೆ ಹಾಕಿರಿ. ಬಟ್ಟೆ ಸೋಪಿನ ಪುಡಿ ಹಾಕಿದ ಬಿಸಿನೀರಿನಿಂದ, ಪೆಟ್ರೋಲಿನ ವಾಸನೆ ಹೋಗುವವರೆಗೆ ಮೂರು ನಾಲ್ಕು ಸಲ ತೊಳೆಯಿರಿ. ಎಣ್ಣೆಯ ಪಸೆ ಉಳಿದರೆ ಮುಂದಿನ ಔಷಧ ಜಂಗನ್ನು ಮುಟ್ಟುವುದಿಲ್ಲ.

ಸಡಿಲಾದ ಹಕ್ಕಳೆ ಉದುರಿಸಲು ಸಣ್ಣ ಸರಪಳಿಯ ತುಂಡಿಗೆ ತಂತಿ ಕಟ್ಟಿ ಒಳಗೆ ಬಿಟ್ಟು, ನೀರು ಹಾಕಿ ಅಲುಗಾಡಿಸಿರಿ. ನಟ್ಟುಗಳನ್ನು ಹಾಕುವುದಾದರೆ ಎಣಿಸಿ ಹಾಕಿ, ಎಣಿಸಿ ತೆಗೆಯಿರಿ. ಉಸುಕು ಬೇಡ; ಅದು ಸಂದಿನಲ್ಲಿ ಉಳಿಯುತ್ತದೆ.

ಬಳಿಕ ಒಂದು ಲೀಟರ್ ಬಿಸಿನೀರಿಗೆ 50ರಿಂದ 100 ಗ್ರಾಂ ಸಿಟ್ರಿಕ್ ಆಮ್ಲ, ಅಂದರೆ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು, ಬೆರೆಸಿ ಕಂಠಮಟ್ಟ ತುಂಬಿರಿ. ಅರ್ಧ ತುಂಬಿದರೆ ಮೇಲ್ಭಾಗದ ಜಂಗು ಹಾಗೆಯೇ ಉಳಿಯುತ್ತದೆ. ಮುಚ್ಚಳ ಬಿಗಿಯಬೇಡಿರಿ, ಅನಿಲ ಹೊರಹೋಗಬೇಕು. ನಾಲ್ಕು ತಾಸಿಗೊಮ್ಮೆ ನೋಡಿ, ತಗಡು ಬೂದು ಬಣ್ಣಕ್ಕೆ ಬಂದೊಡನೆ ತೆಗೆಯಿರಿ. ಒಂದು ರಾತ್ರಿಗಿಂತ ಹೆಚ್ಚು ಬಿಡಬೇಡಿರಿ. ಬಣ್ಣದ ಮೇಲೆ ಚೆಲ್ಲಿದರೆ ತಕ್ಷಣ ತೊಳೆಯಿರಿ. ಕಕ್ಕಸು ತೊಳೆಯುವ ಆಸಿಡ್ ಬೇಡವೇ ಬೇಡ. ಅದು ಜಂಗಿನೊಡನೆ ತಗಡನ್ನೂ ತಿನ್ನುತ್ತದೆ.

ಅವಸರವಿಲ್ಲದವರಿಗೆ ನಮ್ಮ ಕಾಕಂಬಿಯೇ ಔಷಧ. ಒಂದು ಭಾಗ ಕಾಕಂಬಿಗೆ ಒಂಬತ್ತು ಭಾಗ ನೀರು ಸೇರಿಸಿ ಎರಡು ಮೂರು ವಾರ ಬಿಟ್ಟರೆ ಜಂಗು ಕರಗುತ್ತದೆ. ಸುಣ್ಣದಂಶದ ಹೊಲದಲ್ಲಿ ಕಬ್ಬು ಬಿಳಿಚಿದಾಗ ಚೀಲೇಟೆಡ್ ಕಬ್ಬಿಣ ಸಿಂಪಡಿಸುತ್ತೀರಲ್ಲವೇ? ಅಲ್ಲಿ ಕಬ್ಬಿಣವನ್ನು ಹಿಡಿದಿಟ್ಟು ಬೆಳೆಗೆ ತಲುಪಿಸುವ ಗುಣವೇ ಇಲ್ಲಿ ಜಂಗಿನ ಕಬ್ಬಿಣವನ್ನು ಹಿಡಿದು ನೀರಿಗೆ ಎಳೆಯುತ್ತದೆ. ಅಲ್ಯುಮಿನಿಯಂ ಭಾಗಗಳನ್ನು ಅದರಲ್ಲಿ ನೆನೆಸಬೇಡಿರಿ. ಅದು ಹುಳಿತು ನಾರುತ್ತದೆ. ಮುಖ್ಯವಾಗಿ, ಸಿಹಿ ವಾಸನೆಗೆ ದನಗಳು ಬಾಯಿ ಹಾಕುತ್ತವೆ. ಪೆಟ್ರೋಲಿನ ಅಂಶವಿರುವ ಆ ನೀರು ಅವುಗಳಿಗೆ ವಿಷ. ಆಕಳು, ಎಮ್ಮೆ, ಮಕ್ಕಳು ಸುಳಿಯದ ಕಡೆ ಇಡಿರಿ. ಬಳಸಿದ ನೀರನ್ನು ಬಾವಿ, ದೋಣಿ, ಕಾಲುವೆಗಳಿಂದ ದೂರ ಗುಂಡಿ ತೋಡಿ ಸುರಿದು ಮಣ್ಣು ಮುಚ್ಚಿರಿ.

ಔಷಧ ತೆಗೆದ ಮೇಲಿನ ಅರ್ಧ ತಾಸು ಬಹು ಮಹತ್ವದ್ದು. ಬರಿದಾದ ಹಸಿ ತಗಡು ನೋಡುನೋಡುತ್ತಿದ್ದಂತೆ ಮತ್ತೆ ಕೆಂಪಾಗುತ್ತದೆ. ಕೂಡಲೇ ನೀರಿನಿಂದ ತೊಳೆದು, ಲೀಟರಿಗೆ ಎರಡು ಚಮಚ ತಿನ್ನುವ ಸೋಡಾ ಕರಗಿಸಿದ ನೀರಿನಿಂದ ಹುಳಿ ಮುರಿದು, ಪುನಃ ಬಿಸಿನೀರಿನಿಂದ ತೊಳೆಯಿರಿ. ಪಂಕ್ಚರ್ ಅಂಗಡಿಯ ಗಾಳಿ ಹೊಡೆಸಿ ಪೂರ್ತಿ ಒಣಗಿಸಿರಿ. ನಂತರ ಸ್ವಲ್ಪ ಟೂ-ಟಿ ಎಣ್ಣೆ ಹಾಕಿ ಎಲ್ಲ ಮೈಗೂ ಹತ್ತುವಂತೆ ತಿರುಗಿಸಿರಿ. ಟಾಕಿ ಕೂರಿಸುವಾಗ ಕಾಕಿನ ಜಾಳಿಗೆ, ಕಾರ್ಬ್ಯುರೇಟರ್ ತೊಳೆದು, ಪೆಟ್ರೋಲ್ ನಳಿಗೆ ಹೊಸದು ಹಾಕಿರಿ. ಹಳೆಯ ರಬ್ಬರು ಎಥೆನಾಲಿಗೆ ಉಬ್ಬಿ ಬಿರುಕು ಬಿಡುವುದುಂಟು.

ಮುಂದೆ ಹಿಡಿಯದಂತೆ

ಗಾಡಿ ಕೆಲವು ವಾರ ನಿಲ್ಲುವುದಿದ್ದರೆ ಟಾಕಿ ತುಂಬಿಸಿ ನಿಲ್ಲಿಸಿರಿ. ಗಾಳಿಗೆ ಜಾಗವಿಲ್ಲದಿದ್ದರೆ ತೇವಕ್ಕೂ ಜಾಗವಿಲ್ಲ. ಇಡೀ ಮಳೆಗಾಲ ನಿಲ್ಲುವುದಾದರೆ ಪೂರ್ತಿ ಇಳಿಸಿ ಒಳಮೈಗೆ ಎಣ್ಣೆ ಸವರಿಡಿರಿ. ಮುಚ್ಚಳದ ರಬ್ಬರ್ ಹರಿದಿದ್ದರೆ ಬದಲಿಸಿರಿ. ಮಳೆನೀರು ಇಳಿಯುವುದು ಅಲ್ಲಿಂದಲೇ.

ಹಂಗಾಮು ಆರಂಭವಾದ ಮೇಲೆ ಇದಕ್ಕೆಲ್ಲ ಬಿಡುವು ಸಿಗದು. ತೋಡಣಿ ಟೋಳಿ ಹೊಲಕ್ಕೆ ಬರುವ ಮೊದಲೇ ಒಂದು ದಿನ ಇದಕ್ಕಾಗಿ ತೆಗೆದಿಡಿರಿ. ಕುಡಗೋಲು ಮಸೆಯುವಂತೆ, ಗಾಡಿಯ ಕೀಲಿಗೆ ಎಣ್ಣೆ ಹಾಕುವಂತೆ ಇದೂ ಹಂಗಾಮಿನ ಒಂದು ಸಿದ್ಧತೆಯೇ ಎಂದು ತಿಳಿಸಿ ನನ್ನ ಮಾತು ಮುಗಿಸುತ್ತೇನೆ.