ಆಟಕ್ಕುಂಟು, ಲೆಕ್ಕಕ್ಕೂ ಉಂಟು

(ಮಹಿಳಾ ವೇದಿಕೆಯ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹ ರೂಪ)



ನನ್ನದು ವೈಜಾಪುರ ಅಂದ ಕೂಡಲೇ ಕನ್ನಡದವರು "ಓ, ಗೋಳಗುಮ್ಮಟದ ಊರು!" ಅನ್ನುತ್ತಾರೆ. ಅಲ್ಲ, ಅದು ವಿಜಾಪುರ, ಈಗಿನ ವಿಜಯಪುರ. ನಮ್ಮದು ಮಹಾರಾಷ್ಟ್ರದ ಛತ್ರಪತಿ ಸಂಭಾಜಿನಗರ ಜಿಲ್ಲೆಯ ವೈಜಾಪುರ. ನಾಸಿಕದ ಕಡೆಗೆ ಹೊರಟರೆ ಜಿಲ್ಲೆಯ ಕೊನೆಯಲ್ಲಿ ಸಿಗುವ ತಾಲ್ಲೂಕು. ರೈಲಿನಲ್ಲಿ ಬಂದರೆ ರೋಟೆಗಾಂವ್‌ನಲ್ಲಿ ಇಳಿಯಬೇಕು. ಹುಟ್ಟಿದ್ದು ಬೀದರ್ ಕಡೆ, ಮದುವೆಯಾಗಿ ಬಂದದ್ದು ಇಲ್ಲಿಗೆ. 1956ರವರೆಗೆ ಬೀದರ್, ಕಲಬುರಗಿ, ರಾಯಚೂರು ಮತ್ತು ಈ ಮರಾಠವಾಡ ಎಲ್ಲವೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಹಾಗಾಗಿ ನಾನು ಪರದೇಶಕ್ಕೇನೂ ಬಂದಿಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೇನೆ.

ವೃತ್ತಿಯಿಂದ ನಾನು ನರ್ಸ್, ಆಮೇಲೆ ನರ್ಸಿಂಗ್ ಕಲಿಸುವ ಟೀಚರ್. ಇವತ್ತು ನನಗೆ ಕೊಟ್ಟಿರುವ ವಿಷಯ ಸಂಶೋಧನೆ: ನರ್ಸಿಂಗ್ ಆರೈಕೆ, ಹದಿಹರೆಯದ ಹೆಣ್ಣುಮಕ್ಕಳ ಶಿಕ್ಷಣ, ಅನ್ವಯಿಕ ಗಣಿತ. ಮೂರೂ ಬೇರೆ ಬೇರೆ ಅನ್ನಿಸಬಹುದು. ಆದರೆ ನನ್ನ ಮೂವತ್ತು ವರ್ಷದ ಕೆಲಸದಲ್ಲಿ ಈ ಮೂರೂ ಒಂದೇ ಜಾಗದಲ್ಲಿ ಸಿಕ್ಕಿವೆ.

ನಮ್ಮಲ್ಲಿ ಒಂದು ಮಾತಿದೆ, ಆಟಕ್ಕುಂಟು ಲೆಕ್ಕಕ್ಕಿಲ್ಲ. ಚಿಕ್ಕ ಮಕ್ಕಳನ್ನು ಆಟಕ್ಕೆ ಸೇರಿಸಿಕೊಳ್ಳುತ್ತೇವೆ, ಆದರೆ ಅವರು ಔಟ್ ಆದರೂ ಒಂದೇ, ಆಗದಿದ್ದರೂ ಒಂದೇ. ಆರೋಗ್ಯದ ವಿಷಯದಲ್ಲಿ ಹೆಣ್ಣುಮಕ್ಕಳನ್ನು ಬಹಳ ಕಾಲ ಹೀಗೆಯೇ ಇಟ್ಟಿದ್ದೆವು. ಮನೆಯ ಎಲ್ಲ ಕೆಲಸಕ್ಕೂ ಅವಳು ಉಂಟು, ಅವಳ ನೋವು ಮಾತ್ರ ಯಾವ ಪುಸ್ತಕದಲ್ಲೂ ಬರೆದಿರುತ್ತಿರಲಿಲ್ಲ.

ಅದನ್ನು ಬರೆದು ತೋರಿಸಿದವರು ಮಹಾರಾಷ್ಟ್ರದ ಗಡಚಿರೋಲಿಯ ಡಾ. ರಾಣಿ ಬಂಗ್ ಮತ್ತು ಡಾ. ಅಭಯ್ ಬಂಗ್. ಎರಡು ಹಳ್ಳಿಗಳ 650 ಹೆಣ್ಣುಮಕ್ಕಳನ್ನು ಪರೀಕ್ಷಿಸಿ 1989ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ನೂರಕ್ಕೆ 92 ಮಂದಿಗೆ ಸ್ತ್ರೀರೋಗಕ್ಕೆ ಸಂಬಂಧಿಸಿದ ಒಂದಲ್ಲ ಒಂದು ತೊಂದರೆ ಇತ್ತು. ಅದಕ್ಕೂ ಮೊದಲು ಅಂಥ ಪರೀಕ್ಷೆ ಮಾಡಿಸಿಕೊಂಡಿದ್ದವರು ನೂರಕ್ಕೆ 8 ಮಂದಿ ಮಾತ್ರ. ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಆ ಕಾಲದಲ್ಲಿ ಹಳ್ಳಿಯ ಹೆಣ್ಣುಮಕ್ಕಳ ಆರೋಗ್ಯ ಎಂದರೆ ಬಸಿರು, ಬಾಣಂತನ, ಕುಟುಂಬ ಯೋಜನೆ, ಅಷ್ಟೇ. ಉಳಿದದ್ದನ್ನು ಯಾರೂ ಕೇಳಿರಲಿಲ್ಲ, ಅದಕ್ಕೇ ಯಾರೂ ಹೇಳಿರಲಿಲ್ಲ.

ಅದೇ ಗಡಚಿರೋಲಿಯಲ್ಲಿ ಇನ್ನೊಂದು ಕೆಲಸವಾಯಿತು. ಎಳೆಯ ಮಕ್ಕಳಿಗೆ ನ್ಯುಮೋನಿಯಾ ಇದೆಯೇ ಎಂದು ತಿಳಿಯಲು ಉಸಿರು ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದವರೆಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದವರೆಗೆ 40 ಅಥವಾ ಹೆಚ್ಚು ಇದ್ದರೆ ಅದು ವೇಗದ ಉಸಿರು, ತಡ ಮಾಡಬಾರದು. ಆದರೆ ಹಳ್ಳಿಯ ಸೂಲಗಿತ್ತಿಯರಿಗೆ ಅಷ್ಟು ದೂರ ಎಣಿಸಲು ಬರುತ್ತಿರಲಿಲ್ಲ. ಬಂಗ್ ದಂಪತಿ ಒಂದು ಸಣ್ಣ ಸಾಧನ ಮಾಡಿದರು. ಒಂದು ನಿಮಿಷದ ಮರಳು ಗಡಿಯಾರ, ಪಕ್ಕದಲ್ಲಿ ಮಣಿಗಳ ಸಾಲು. ಹತ್ತು ಉಸಿರಿಗೆ ಒಂದು ಮಣಿ ಸರಿಸುತ್ತಾ ಹೋಗುವುದು. ಮರಳು ಮುಗಿಯುವ ಮೊದಲೇ ಕೆಂಪು ಮಣಿ ಬಂತೆಂದರೆ ಮಗುವಿಗೆ ಔಷಧ ಬೇಕು. ಹತ್ತರವರೆಗೆ ಎಣಿಸಲು ಬಂದರೆ ಸಾಕು!

ಅನ್ವಯಿಕ ಗಣಿತ ಅಂದರೆ ಏನು ಎಂದು ವಿದ್ಯಾರ್ಥಿನಿಯರು ಕೇಳಿದಾಗ ನಾನು ಈ ಮಣಿಗಳ ಕತೆ ಹೇಳುತ್ತೇನೆ. ಸೂಲಗಿತ್ತಿಗೆ ಲೆಕ್ಕ ಬರುವುದಿಲ್ಲ ಎಂದು ಅವಳನ್ನು ಹೊರಗಿಡಲಿಲ್ಲ, ಲೆಕ್ಕವನ್ನೇ ಅವಳ ಬೆರಳಿಗೆ ಹೊಂದುವಂತೆ ಮಾಡಿದರು.

ಮುಂದೆ ಅಲ್ಲಿಯೇ ಹಳ್ಳಿಯ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು ಮನೆಗೇ ಹೋಗಿ ನವಜಾತ ಶಿಶುವಿನ ಆರೈಕೆ ಮಾಡಿಸಿದರು. ಇಂಥ ಆರೈಕೆ ಸಿಕ್ಕ 39 ಹಳ್ಳಿಗಳನ್ನು ಸಿಗದ 47 ಹಳ್ಳಿಗಳ ಜೊತೆ ಹೋಲಿಸಿದರು. ಮೂರನೇ ವರ್ಷದ ಹೊತ್ತಿಗೆ ನವಜಾತ ಶಿಶುಗಳ ಮರಣ ಶೇ. 62ರಷ್ಟು ಇಳಿದಿತ್ತು. 1999ರಲ್ಲಿ ಇದು ಪ್ರಕಟವಾಯಿತು. ಇವತ್ತು ನಿಮ್ಮೂರಿನ ಆಶಾ ಕಾರ್ಯಕರ್ತೆ ಹೆರಿಗೆಯಾದ ಮನೆಗೆ 3, 7, 14, 21, 28, 42ನೇ ದಿನ ಬಂದು ಮಗುವಿನ ತೂಕ ನೋಡುತ್ತಾಳಲ್ಲ, ಆ ಪದ್ಧತಿಯ ಬೇರು ಇಲ್ಲಿದೆ. ಅವಳು ಬಾಗಿಲಿಗೆ ಬಂದಾಗ "ಇವಳದ್ದೇನು ಮತ್ತೆ ಬಂದಳು" ಅನ್ನಬೇಡಿ. ಒಳಗೆ ಕರೆದು ನೀರು ಕೊಡಿ.

ಈಗ ಆಸ್ಪತ್ರೆಯೊಳಗೆ ಬರೋಣ. ಕಾಂಗರೂ ಆರೈಕೆಯ ಹೆಸರು ಕೇಳಿದ್ದೀರಿ. ಕಡಿಮೆ ತೂಕದ ಮಗುವನ್ನು ತಾಯಿಯ ಎದೆಗೆ, ಚರ್ಮಕ್ಕೆ ಚರ್ಮ ತಾಗುವಂತೆ ಮಲಗಿಸುವುದು. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಶುರುವಾದದ್ದು. ಆದರೆ ಮಗು ಸ್ವಲ್ಪ ಚೇತರಿಸಿಕೊಂಡ ಮೇಲೆ ಮಾತ್ರ ತಾಯಿಗೆ ಕೊಡಬೇಕು, ಅಲ್ಲಿಯವರೆಗೆ ವಾರ್ಮರ್‌ನಲ್ಲೇ ಇರಲಿ ಎಂಬುದು ಪದ್ಧತಿಯಾಗಿತ್ತು. ಹುಟ್ಟಿದ ತಕ್ಷಣವೇ ಕೊಟ್ಟರೆ ಏನಾಗುತ್ತದೆ? ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳ ಐದು ಆಸ್ಪತ್ರೆಗಳಲ್ಲಿ ಇದನ್ನು ಪರೀಕ್ಷಿಸಿತು. ಅದರಲ್ಲಿ ಒಂದು ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆ. ಒಂದು ಕಿಲೋದಿಂದ 1.8 ಕಿಲೋದೊಳಗಿನ 3,211 ಮಕ್ಕಳು. 2021ರಲ್ಲಿ ಫಲಿತಾಂಶ ಬಂತು. ಹಳೆಯ ಪದ್ಧತಿಯಲ್ಲಿ ನೂರಕ್ಕೆ 15.7 ಮಕ್ಕಳು ಮೊದಲ 28 ದಿನಗಳಲ್ಲಿ ತೀರಿಕೊಂಡರು, ತಕ್ಷಣ ತಾಯಿಯ ಎದೆಗೆ ಸೇರಿದ ಮಕ್ಕಳಲ್ಲಿ 12.0.

ಇಲ್ಲಿ ನಿಮ್ಮ ಜೊತೆ ಸ್ವಲ್ಪ ಲೆಕ್ಕ ಮಾಡುತ್ತೇನೆ, ಹೆದರಬೇಡಿ. ಎರಡರ ವ್ಯತ್ಯಾಸ 3.7. ನೂರನ್ನು 3.7ರಿಂದ ಭಾಗಿಸಿ, 27 ಬರುತ್ತದೆ. ಅಂದರೆ 27 ಮಕ್ಕಳನ್ನು ಹುಟ್ಟಿದೊಡನೆ ತಾಯಿಯ ಎದೆಗೆ ಹಾಕಿದರೆ, ಇಲ್ಲವಾದರೆ ಕೈತಪ್ಪಿ ಹೋಗುತ್ತಿದ್ದ ಒಂದು ಜೀವ ಉಳಿಯುತ್ತದೆ. ದೊಡ್ಡ ಯಂತ್ರ ಇಲ್ಲ, ದುಬಾರಿ ಔಷಧ ಇಲ್ಲ. ಬೇಕಾದದ್ದು ತಾಯಿಗೆ ಮಗುವಿನ ಪಕ್ಕದಲ್ಲೇ ಒಂದು ಹಾಸಿಗೆ, ಮತ್ತು ಹಗಲೂ ರಾತ್ರಿ ಇಬ್ಬರನ್ನೂ ನೋಡಿಕೊಳ್ಳುವ ನರ್ಸ್. ಲಾಭ ಇಷ್ಟು ಸ್ಪಷ್ಟವಾಗಿ ಕಂಡಾಗ ಅಧ್ಯಯನವನ್ನು ಅವಧಿಗೆ ಮೊದಲೇ ನಿಲ್ಲಿಸಿದರು. ಉಳಿದ ಮಕ್ಕಳನ್ನು ಹಳೆಯ ಪದ್ಧತಿಯಲ್ಲಿ ಇಡುವುದು ಅನ್ಯಾಯ ಎಂದು ಲೆಕ್ಕವೇ ಹೇಳಿತು. ನಮ್ಮ ಅಜ್ಜಿಯರು ಎಳೆಗೂಸನ್ನು ಮಡಿಲಿನಿಂದ ಇಳಿಸಲು ಬಿಡುತ್ತಿರಲಿಲ್ಲ. ಅದು ಪ್ರೀತಿ. ಆ ಪ್ರೀತಿ ಎಷ್ಟು ಜೀವ ಉಳಿಸುತ್ತದೆ ಎಂದು ಹೇಳಿದ್ದು ಗಣಿತ.

ಈಗ ಹದಿಹರೆಯದ ವಿಷಯ. ಇದು ನನ್ನ ಮನಸ್ಸಿಗೆ ಬಹಳ ಹತ್ತಿರವಾದದ್ದು. ಹಳ್ಳಿ ಶಾಲೆಗಳಿಗೆ ಆರೋಗ್ಯದ ಪಾಠ ಹೇಳಲು ಹೋಗುತ್ತಿರುತ್ತೇನೆ. ಇಲ್ಲಿ ಅಕ್ಕನನ್ನು 'ತಾಈ' ಎಂದು ಕರೆಯುತ್ತಾರೆ, ನಮ್ಮ ಕನ್ನಡದ ಕಿವಿಗೆ ಅದು 'ತಾಯಿ' ಎಂದೇ ಕೇಳುತ್ತದೆ. ಎಂಟನೇ, ಒಂಬತ್ತನೇ ತರಗತಿಯ ಹುಡುಗಿಯರು ಪಾಠ ಮುಗಿದ ಮೇಲೆ ಹಿಂದೆ ಉಳಿದು ಕೇಳುವುದು ಹೆಚ್ಚಾಗಿ ಒಂದೇ ಮಾತು: "ತಾಈ, ನನಗೂ ನರ್ಸ್ ಆಗಬೇಕು. ಆದರೆ ಗಣಿತ ಬರುವುದಿಲ್ಲ."

ಕೇಳಲು ಸಣ್ಣ ಮಾತು. ಅದರ ಮುಂದಿನ ದಾರಿ ನನಗೆ ಗೊತ್ತು. ಹತ್ತನೇ ತರಗತಿಯಲ್ಲಿ ಗಣಿತ ಹೋಯಿತು ಅಂದರೆ ಓದು ನಿಲ್ಲುತ್ತದೆ. ಓದು ನಿಂತ ಹುಡುಗಿ ಮನೆಯಲ್ಲಿದ್ದರೆ ನೆಂಟರು ಗಂಡು ಹುಡುಕಲು ಶುರು ಮಾಡುತ್ತಾರೆ. ಕಬ್ಬು ಕಡಿಯಲು ವಲಸೆ ಹೋಗುವ ಕುಟುಂಬಗಳಲ್ಲಿ ಇದು ಇನ್ನೂ ಬೇಗ. ತಿಂಗಳುಗಟ್ಟಲೆ ಊರಲ್ಲಿ ಹೆಣ್ಣುಮಗಳನ್ನು ಯಾರ ಹತ್ತಿರ ಬಿಟ್ಟು ಹೋಗುವುದು ಎಂಬ ಭಯ ಅಪ್ಪ ಅಮ್ಮನಿಗೆ. ಅವರನ್ನು ಬೈದು ಪ್ರಯೋಜನವಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ವರದಿಯ ಪ್ರಕಾರ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ 18 ತುಂಬುವ ಮೊದಲೇ ಮದುವೆಯಾದವರು ಮಹಾರಾಷ್ಟ್ರದಲ್ಲಿ ಶೇ. 21.9, ಕರ್ನಾಟಕದಲ್ಲಿ ಶೇ. 21.3. ಐವರಲ್ಲಿ ಒಬ್ಬಳಿಗಿಂತ ಹೆಚ್ಚು. ಈ ವಿಷಯದಲ್ಲಿ ಗಡಿಯ ಆಚೆಯವರೂ ಈಚೆಯವರೂ ಒಂದೇ.

ಇದಕ್ಕೆ ಪರಿಹಾರ ಹುಡುಕಿದ ಒಂದು ಅಧ್ಯಯನ ನಮ್ಮ ಜಿಲ್ಲೆಯದ್ದೇ. ಪೈಠಣ ಎಂದರೆ ನಿಮಗೆ ಸೀರೆ ನೆನಪಾಗುತ್ತದೆ. ಅದೇ ತಾಲ್ಲೂಕಿನ ಪಾಚೋಡ್‌ನಲ್ಲಿರುವ ಆರೋಗ್ಯ ನಿರ್ವಹಣಾ ಸಂಸ್ಥೆ ತೊಂಬತ್ತರ ದಶಕದ ಕೊನೆಯಲ್ಲಿ ಹಳ್ಳಿಯ ಅವಿವಾಹಿತ ಹುಡುಗಿಯರಿಗೆ ಜೀವನ ಕೌಶಲದ ತರಗತಿ ನಡೆಸಿತು. ವಾರದ ದಿನಗಳಲ್ಲಿ ಸಂಜೆ ಒಂದು ಗಂಟೆ, ಒಂದು ವರ್ಷ. ಕಲಿಸಿದವರು ಪಟ್ಟಣದ ತಜ್ಞರಲ್ಲ, ಅದೇ ಊರಿನ, ಏಳನೇ ತರಗತಿಯಾದರೂ ಓದಿದ ಹೆಂಗಸರು. ಆರೋಗ್ಯ, ಆಹಾರ, ಪಂಚಾಯಿತಿ, ಬ್ಯಾಂಕು, ತನ್ನ ಮಾತನ್ನು ಧೈರ್ಯವಾಗಿ ಹೇಳುವುದು, ಎಲ್ಲವೂ ಅದರಲ್ಲಿತ್ತು. 1997ರಿಂದ 2001ರೊಳಗೆ ಆ ಪ್ರದೇಶದಲ್ಲಿ ಹುಡುಗಿಯರ ಮದುವೆಯ ಮಧ್ಯಕ ವಯಸ್ಸು 16ರಿಂದ 17ಕ್ಕೆ ಏರಿತು.

ಒಂದೇ ವರ್ಷವಾ ಎಂದು ನೀವು ಕೇಳಬಹುದು. ಹೆರಿಗೆ ವಾರ್ಡಿನಲ್ಲಿ ನಿಂತು ನೋಡಿದವರಿಗೆ ಆ ಒಂದು ವರ್ಷ ಏನೆಂದು ಗೊತ್ತು. ಆ ವಯಸ್ಸಿನಲ್ಲಿ ಮೈ ಇನ್ನೂ ಬೆಳೆಯುತ್ತಿರುತ್ತದೆ. ನಮ್ಮ ದೇಶದ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ಶೇ. 59.1 ಮಂದಿಗೆ ರಕ್ತಹೀನತೆ ಇದೆ ಎನ್ನುತ್ತದೆ ಅದೇ ಸಮೀಕ್ಷೆ. ಒಂದು ವರ್ಷ ಮುಂದೆ ಹೋದರೆ ಇನ್ನೊಂದು ತರಗತಿ ಮುಗಿಯುತ್ತದೆ, ರಕ್ತ ಸ್ವಲ್ಪ ಕೂಡುತ್ತದೆ, ಬೇಡ ಎನ್ನುವ ಧೈರ್ಯವೂ ಸ್ವಲ್ಪ ಕೂಡುತ್ತದೆ.

ಇನ್ನೊಂದು ಅಧ್ಯಯನ ಕರ್ನಾಟಕದ್ದು, ನನ್ನ ಊರಿನ ಹೆಸರಿನ ಜೊತೆ ಗೊಂದಲವಾಗುವ ಅದೇ ವಿಜಯಪುರದ್ದು, ಜೊತೆಗೆ ಬಾಗಲಕೋಟೆಯದ್ದು. ಹೆಸರು 'ಸಮತಾ'. ಕರ್ನಾಟಕ ಆರೋಗ್ಯ ಸಂವರ್ಧನಾ ಪ್ರತಿಷ್ಠಾನ ನಡೆಸಿದ ಕಾರ್ಯಕ್ರಮ. ಪರಿಶಿಷ್ಟ ಜಾತಿ ಮತ್ತು ಪಂಗಡದ ಹುಡುಗಿಯರು ಪ್ರೌಢಶಾಲೆ ಮುಗಿಸಲಿ, ಬಾಲ್ಯವಿವಾಹ ತಪ್ಪಲಿ ಎಂಬುದು ಗುರಿ. 80 ಹಳ್ಳಿಗಳನ್ನು ಆರಿಸಿ, ಚೀಟಿ ಎತ್ತಿದ ಹಾಗೆ 40ರಲ್ಲಿ ಕಾರ್ಯಕ್ರಮ ನಡೆಸಿದರು, 40ರಲ್ಲಿ ನಡೆಸಲಿಲ್ಲ. ಕೊನೆಯಲ್ಲಿ ಎರಡೂ ಕಡೆ ಸೇರಿ ನಾಲ್ವರಲ್ಲಿ ಸುಮಾರು ಮೂವರು ಪ್ರೌಢಶಾಲೆ ಮುಗಿಸಿದ್ದರು, ಹತ್ತರಲ್ಲಿ ಸುಮಾರು ಒಬ್ಬಳಿಗೆ ಮದುವೆಯಾಗಿತ್ತು. ಆದರೆ ಕಾರ್ಯಕ್ರಮ ನಡೆದ ಹಳ್ಳಿಗೂ ನಡೆಯದ ಹಳ್ಳಿಗೂ ಒಟ್ಟಾರೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಈ ಅಧ್ಯಯನದ ಬಗ್ಗೆ ನನಗೆ ಬಹಳ ಗೌರವ. ಯಾಕೆ ಗೊತ್ತೇ? ಆ 40 ಹಳ್ಳಿಗಳನ್ನು ಮಾತ್ರ ನೋಡಿದ್ದರೆ "ನೋಡಿ, ನಾಲ್ವರಲ್ಲಿ ಮೂವರು ಓದು ಮುಗಿಸಿದರು, ನಮ್ಮ ಯೋಜನೆ ಗೆದ್ದಿತು" ಎಂದು ಬ್ಯಾನರ್ ಕಟ್ಟಬಹುದಿತ್ತು. ಪಕ್ಕದ 40 ಹಳ್ಳಿಗಳನ್ನೂ ನೋಡಿದ್ದರಿಂದ, ಕಾಲವೇ ಬದಲಾಗುತ್ತಿದೆ, ಎಲ್ಲ ಕಡೆಯೂ ಹುಡುಗಿಯರು ಹೆಚ್ಚು ಓದುತ್ತಿದ್ದಾರೆ ಎಂಬ ಸತ್ಯ ಹೊರಬಂತು. ಅದನ್ನು ಮುಚ್ಚಿಡದೆ 2019ರಲ್ಲಿ ಪ್ರಕಟಿಸಿದರು. ಪಾಚೋಡ್‌ನಲ್ಲಿ ಫಲ ಕೊಟ್ಟದ್ದು ಇನ್ನೊಂದು ಕಡೆ, ಇನ್ನೊಂದು ಕಾಲದಲ್ಲಿ ಹಾಗೆಯೇ ಕೊಡಬೇಕೆಂದಿಲ್ಲ. ಒಂದು ಮನೆಯ ಹೆಪ್ಪು ಇನ್ನೊಂದು ಮನೆಯ ಹಾಲಿಗೆ ಅದೇ ರುಚಿ ಕೊಡುತ್ತದೆಯೇ? ನಮ್ಮ ಸಂಘ ಸಂಸ್ಥೆಗಳೂ ಇದನ್ನು ಕಲಿಯಬೇಕು. ಶಿಬಿರ ಮಾಡಿದೆವು, ಫೋಟೊ ಹಾಕಿದೆವು ಎನ್ನುವುದು ಫಲಿತಾಂಶವಲ್ಲ. ಶಿಬಿರಕ್ಕೆ ಬಂದ ಹುಡುಗಿ ಮುಂದಿನ ಜೂನ್‌ನಲ್ಲಿ ಶಾಲೆಯಲ್ಲಿದ್ದಾಳೆಯೇ? ಅದು ಫಲಿತಾಂಶ.

ಗಣಿತಕ್ಕೆ ಹೆದರುವ ಹುಡುಗಿಯರಿಗೆ ನಾನು ಪುಸ್ತಕದ ಲೆಕ್ಕ ಕೊಡುವುದಿಲ್ಲ, ಸಲೈನ್ ಬಾಟಲಿ ತೋರಿಸುತ್ತೇನೆ. 500 ಮಿ.ಲೀ. ಸಲೈನ್ ನಾಲ್ಕು ಗಂಟೆಯಲ್ಲಿ ಹೋಗಬೇಕು. ಒಂದು ಮಿ.ಲೀ.ಗೆ 20 ಹನಿ ಬೀಳುವ ಸೆಟ್. ಒಟ್ಟು 10,000 ಹನಿ, 240 ನಿಮಿಷ. ಭಾಗಿಸಿದರೆ ನಿಮಿಷಕ್ಕೆ ಸುಮಾರು 42 ಹನಿ. ಅದೇ 42 ಹನಿಯನ್ನು ಮಕ್ಕಳಿಗೆ ಬಳಸುವ, ಮಿ.ಲೀ.ಗೆ 60 ಹನಿ ಬೀಳುವ ಸೆಟ್‌ನಲ್ಲಿ ಬಿಟ್ಟರೆ? ನಾಲ್ಕು ಗಂಟೆಯಲ್ಲಿ ಮುಗಿಯಬೇಕಾದದ್ದಕ್ಕೆ ಹನ್ನೆರಡು ಗಂಟೆ. ಇಷ್ಟು ಹೇಳಿದ ಮೇಲೆ ಭಾಗಾಕಾರ ಯಾಕೆ ಕಲಿಯಬೇಕು ಎಂದು ಯಾರೂ ಕೇಳುವುದಿಲ್ಲ. ಕೈ ತಾವಾಗಿಯೇ ನೋಟ್‌ಬುಕ್ ತೆರೆಯುತ್ತವೆ.

ಗಣಿತ ನಮಗೆ ಪರಕೀಯವೂ ಅಲ್ಲ. ನಮ್ಮ ಜಿಲ್ಲೆಯ ಎಲ್ಲೋರದಲ್ಲಿ ಕೈಲಾಸ ದೇವಾಲಯ ಕೊರೆಸಿದವರು ರಾಷ್ಟ್ರಕೂಟರು. ಅದೇ ವಂಶದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೇ ಶತಮಾನದಲ್ಲಿ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ಸಂಗೀತಕ್ಕೆ, ಅಡುಗೆಗೆ, ವೈದ್ಯಕ್ಕೆ, ಎಲ್ಲದಕ್ಕೂ ಗಣಿತ ಬೇಕು ಎಂದು ಆತ ಆಗಲೇ ಹೇಳಿದ್ದಾನೆ. ಹನ್ನೆರಡನೇ ಶತಮಾನದ ರಾಜಾದಿತ್ಯ ಕನ್ನಡದಲ್ಲೇ 'ವ್ಯವಹಾರಗಣಿತ' ಬರೆದ. ಅಡುಗೆಗೂ ವೈದ್ಯಕ್ಕೂ ಬೇಕಾದ ವಿದ್ಯೆ ಹೆಣ್ಣುಮಕ್ಕಳಿಗೆ ಬರುವುದಿಲ್ಲ ಎಂದು ಮಧ್ಯದಲ್ಲಿ ಯಾರು ಸೇರಿಸಿದರೋ! ಯುದ್ಧದಲ್ಲಿ ಸೈನಿಕರು ಗಾಯಕ್ಕಿಂತ ಹೆಚ್ಚಾಗಿ ರೋಗದಿಂದ ಸಾಯುತ್ತಿದ್ದಾರೆ ಎಂದು ಅಂಕಿಅಂಶದ ಚಿತ್ರ ಬರೆದು ಸರ್ಕಾರಕ್ಕೆ ತೋರಿಸಿದವಳು ಫ್ಲಾರೆನ್ಸ್ ನೈಟಿಂಗೇಲ್. ಎಲ್ಲರೂ ಅವಳ ಕೈಯ ದೀಪ ನೆನೆಯುತ್ತಾರೆ. ಇನ್ನೊಂದು ಕೈಯಲ್ಲಿ ಲೆಕ್ಕದ ಪುಸ್ತಕವಿತ್ತು ಎಂದು ನಾನು ನನ್ನ ವಿದ್ಯಾರ್ಥಿನಿಯರಿಗೆ ಹೇಳುತ್ತೇನೆ.

ಕೊನೆಯದಾಗಿ ಮೂರು ಕೋರಿಕೆ. ಒಂದು, ನಿಮ್ಮ ಮನೆಯ, ನಿಮ್ಮ ಮನೆಗೆಲಸಕ್ಕೆ ಬರುವವರ ಮನೆಯ ಹುಡುಗಿ ಎಂಟನೇ ತರಗತಿಯಲ್ಲಿದ್ದರೆ, ವಾರಕ್ಕೆ ಎರಡು ಸಂಜೆ ಅವಳಿಗೆ ಗಣಿತ ಹೇಳಿಕೊಡಿ. ನಮ್ಮಲ್ಲಿ ನಿವೃತ್ತ ಶಿಕ್ಷಕಿಯರು, ಬ್ಯಾಂಕಿನವರು, ಎಂಜಿನಿಯರುಗಳು ಎಷ್ಟೊಂದು ಜನ ಇದ್ದೀರಿ. ವಿಡಿಯೊ ಕಾಲ್‌ನಲ್ಲೂ ಆಗುತ್ತದೆ. ಎರಡು, ಅವಳ ರಕ್ತ ಪರೀಕ್ಷೆ ಮಾಡಿಸಿ, ಹಿಮೋಗ್ಲೋಬಿನ್ ಎಷ್ಟಿದೆ ಎಂದು ಬರೆದಿಡಿ, ಕಡಿಮೆ ಇದ್ದರೆ ವೈದ್ಯರಿಗೆ ತೋರಿಸಿ. ಮೂರು, ವೇದಿಕೆಯ ವತಿಯಿಂದ ಒಂದು ಪುಸ್ತಕ ಇಡೋಣ. ಹುಡುಗಿಯರ ಹೆಸರು ಗುಟ್ಟಾಗಿರಲಿ, ಎಷ್ಟು ಮಂದಿಯಿಂದ ಶುರು ಮಾಡಿದೆವು, ವರ್ಷದ ನಂತರ ಎಷ್ಟು ಮಂದಿ ಓದುತ್ತಿದ್ದಾರೆ, ಅಷ್ಟನ್ನು ಪ್ರಾಮಾಣಿಕವಾಗಿ ಬರೆಯೋಣ. ಸಂಖ್ಯೆ ಚಿಕ್ಕದಿದ್ದರೂ ಪರವಾಗಿಲ್ಲ. ಆ ಹುಡುಗಿಯರು ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು ಎನ್ನುವ ಹಾಗಾಗಲಿ.

 ಜೈ ಕರ್ನಾಟಕ.